ಕೈ ತೋರಿಸು

“ಆ ಕೋಟು ಬೇಡ, ಹಳೇದು ತಗೊಂಡ್ ಬಾ. ಅದರ ಜೇಬಿನ ಬಾಯಿಗೇ ಹೊಲಿಗೆ ಹಾಕಿದೆ,” ಎನ್ನುತ್ತ ತಾಯಿ ಮಗಳ ಕೈಯಿಂದ ಹೊಸ ಕೋಟನ್ನು ಕಿತ್ತು ಕುರ್ಚಿಗೆ ಎಸೆದಳು.

“ಹಳೇದರ ಮೊಣಕೈ ತೂತಾಗಿದೆ, ಅಮ್ಮ. ಜನ ನೋಡ್ತಾರೆ.”

“ನೋಡ್ಲಿ. ನಿಮ್ಮಪ್ಪ ಇನ್ಯಾರ ಬಾಗಿಲಿಗೆ ಹೋಗ್ಬೇಕಾಗಿದೆ?”

ಸತ್ತವನು ಊರಿನ ನಲ್ಲಿ, ಪೈಪು ರಿಪೇರಿ ಮಾಡುತ್ತಿದ್ದ ಪೈಪಣ್ಣ. ಯಾರ ಮನೆಗೆ ಹೋದರೂ ಕರೆಗಂಟೆ ಒತ್ತಿ, ಹಿಂದಕ್ಕೆ ಸರಿದು, ಎರಡೂ ಅಂಗೈ ಕಾಣುವಂತೆ ಹಿಡಿದು ನಿಲ್ಲುತ್ತಿದ್ದ. “ಏನು ಪೈಪಣ್ಣ, ಕೈ ತೊಳ್ಕೊಂಡು ಬಂದಿದ್ದೀಯ ಅಂತ ನೋಡ್ಬೇಕಾ?” ಎಂದು ಮನೆಯವರು ನಗುತ್ತಿದ್ದರು. ಅವನೂ ನಗುತ್ತಿದ್ದ. ಹಿಂದೊಮ್ಮೆ ಊರಿಗೆ ಬಂದ ಪ್ರವಾಹದ ನಂತರ, ಕೊರೆಯುವ ಚಳಿಯಲ್ಲೂ ಅವನು ಜೇಬಿಗೆ ಕೈ ಹಾಕಿದ್ದನ್ನು ಹೆಂಡತಿ ಕೂಡ ಕಂಡವಳಲ್ಲ.

ಶವಪೆಟ್ಟಿಗೆಯ ಅಂಗಡಿಯವನು ಪೈಪಣ್ಣನಿಗೆ ಹಳೆಯ ಕೋಟು ತೊಡಿಸುತ್ತಿದ್ದಾಗ ಪಕ್ಕದ ಬೀದಿಯ ಮೇಷ್ಟ್ರು ಬಂದರು. ಎದೆಯ ಮೇಲೆ ಪದಕ ಹೊಳೆಯುತ್ತಿತ್ತು.

“ನಾವಿಬ್ರೂ ಒಂದೇ ದೋಣೀಲಿದ್ದೋರು ಕಣಮ್ಮ,” ಎಂದರು ಮಗಳಿಗೆ. “ಮಣ್ಣಿಗಿಡೋ ಮುಂಚೆ ಅವನ ಬಗ್ಗೆ ನಾಲ್ಕು ಮಾತಾಡ್ಲಾ?”

*

ದೋಣಿಯೇನೋ ಒಂದೇ. ಹೊಳೆ ಬೀದಿಗೆ ನುಗ್ಗಿದ ದಿನ, ಒಳಗೆ ಸಿಕ್ಕಿಕೊಂಡವರನ್ನು ಹೊರತರಲು ಒಂದು ಮನೆಯ ಕಿಟಕಿಯನ್ನು ಪೈಪಣ್ಣ ಒಡೆದರೆ ಇನ್ನೊಂದರದ್ದನ್ನು ಮೇಷ್ಟ್ರು ಒಡೆಯುತ್ತಿದ್ದರು. ಪೊಲೀಸರು ತಮ್ಮ ದೋಣಿಯಲ್ಲಿ ಬಂದಾಗ ಮೇಷ್ಟ್ರ ಕೈಯಲ್ಲಿ ಸುತ್ತಿಗೆಯಿತ್ತು, ಪೈಪಣ್ಣನ ಕೈಯಲ್ಲಿ ಕಂಬಳಿ ಸುತ್ತಿದ ಕೂಸಿತ್ತು. ಆದರೆ ಮೇಷ್ಟ್ರು ಬಿಳಿಯರು, ಪೈಪಣ್ಣ ಕಪ್ಪು.

“ಸಾರ್, ನೀವು ಮೇಲೆ ಬನ್ನಿ, ಪಾಪ ನೆನೆದುಹೋಗಿದ್ದೀರ,” ಎಂದ ಪೊಲೀಸಿನವನೇ ಈ ಕಡೆ ತಿರುಗಿ ಅಬ್ಬರಿಸಿದ. “ಏಯ್ ಕರಿಯಾ! ಏನದು ಕದ್ದಿರೋದು? ಕೆಳಗಿಟ್ಟು ಕೈ ತೋರಿಸು!”

ದೋಣಿಯಿಂದಿಳಿದು ನಿಂತಿದ್ದ ಪೈಪಣ್ಣನಿಗೆ ಕೆಳಗೆಂದರೆ ಎದೆಮಟ್ಟದ ನೀರು.

“ಮಗು ಸಾರ್, ಮಗು!”

ಕೇಳುವವರಾರು? ದೊಣ್ಣೆಯೇಟು ಹೆಗಲಿಗೆ ಬಿತ್ತು. ಪೈಪಣ್ಣ ಹಿಡಿತ ಬಿಡಲಿಲ್ಲ. ಕೂಸು ಕಿಟಾರನೆ ಕಿರುಚಿದ ಮೇಲೆಯೇ ದೊಣ್ಣೆ ನಿಂತಿದ್ದು. ಅಷ್ಟಾದರೂ ಮೇಷ್ಟ್ರಿಗೆ ಬಿಸಿ ಕಾಫಿ, ಇವನಿಗೆ ಕೋಳ! ಥೂ, ಇದೂ ಒಂದು ನ್ಯಾಯವೇ? ಮೇಷ್ಟ್ರು ಠಾಣೆಗೆ ಹೋಗಿ ಒಂದು ಮಾತು ಹೇಳಿದ್ದರೆ ಸಾಕಿತ್ತು. ನಾಳೆ ಹೋಗುತ್ತೇನೆ, ನಾಳೆ ಹೋಗುತ್ತೇನೆ ಎನ್ನುತ್ತಲೇ ಇದ್ದರು. ಪೊಲೀಸರು ಬೇಸತ್ತು ಇವನನ್ನು ಹೊರಗೆ ಬಿಡುವ ಹೊತ್ತಿಗೆ ಜನರನ್ನು ಉಳಿಸಿದ್ದಕ್ಕೆ ಮೇಷ್ಟ್ರಿಗೆ ಪದಕವೂ ಬಂದಿತ್ತು.

*

“ದೋಣಿ ಒಂದೇ, ಒಪ್ಕೊಂಡೆ ಮೇಷ್ಟ್ರೇ,” ಮಗಳು ಸಿಡಿದಳು. “ಇಳಿದ ಮೇಲೆ? ಸುತ್ತಿಗೆ ಹಿಡಿದೋರು ನೀವು, ಕಳ್ಳ ಅನ್ನಿಸ್ಕೊಂಡಿದ್ದು ನಮ್ಮಪ್ಪ. ಅವತ್ತು ಠಾಣೇಲಿ ಬಾಯಿ ಬಿಡದೋರು ಇವತ್ತು ಯಾರಿಗೆ ಭಾಷಣ ಮಾಡ್ತೀರ?”

ಮೇಷ್ಟ್ರು ಪದಕವನ್ನು ಅಂಗೈಯಿಂದ ಮುಚ್ಚಿಕೊಂಡು ಬಾಗಿಲ ಕಡೆ ಸರಿದರು.

ಪೆಟ್ಟಿಗೆಯವನು ಸತ್ತವನ ಎರಡೂ ಕೈಗಳನ್ನು ಎದೆಯ ಮೇಲೆ ಜೋಡಿಸಿಟ್ಟ. ಹೆಂಡತಿ ಬಗ್ಗಿ ಅವನ್ನು ಬಿಡಿಸಿದಳು.

“ಅಯ್ಯೋ, ಹಾಗೇ ಇರ್ಲಿ ಅಮ್ಮಾ. ಕೈ ಎಲ್ಲರಿಗೂ ಕಾಣ್ಬೇಕು,” ಎಂದ ಅವನು.

“ತೋರಿಸಿದ್ದು ಸಾಕು ಕಣಪ್ಪ.”

ಸೆಟೆದ ಬೆರಳುಗಳನ್ನು ಒಂದೊಂದಾಗಿ ಉಜ್ಜಿ ಸಡಿಲಿಸಿ, ಮೊದಲು ಬಲಗೈಯನ್ನು, ಆಮೇಲೆ ಎಡಗೈಯನ್ನು ಅವಳು ಹಳೆಯ ಕೋಟಿನ ಜೇಬುಗಳಿಗೆ ಮಣಿಕಟ್ಟಿನವರೆಗೂ ತೂರಿಸಿದಳು.