ಕೋರೆಹಲ್ಲಿನವನ ಮಾತು

ಪ್ರಕಾಶನ ಮಾತು ಭದ್ರಾವತಿಯಲ್ಲಿ ಅರ್ಥವಾಗುತ್ತಿದ್ದುದು ಒಬ್ಬರಿಗೆ ಮಾತ್ರ, ಅವನ ಹೆಂಡತಿ ಶೀಲಾಗೆ. ಹಾಲಿನವನು ಬರಲಿ, ಮನೆ ಓನರ್ ಬರಲಿ, ಅವನು ಏನೋ ಅನ್ನುತ್ತಿದ್ದ. ಬಂದವರು ಅವಳ ಮುಖ ನೋಡುತ್ತಿದ್ದರು. ಅವಳು ಹೇಳುತ್ತಿದ್ದಳು. ಅವನು ಬೈದರೆ ಬೈಗುಳವನ್ನೂ ಹಾಗೇ ದಾಟಿಸುತ್ತಿದ್ದಳು. ತನ್ನದೊಂದು ಉಪ್ಪು ಖಾರ ಸೇರಿಸುತ್ತಿರಲಿಲ್ಲ. ಅವನ ಹತ್ತಿರ ಉಳಿದಿರುವುದೇ ಇಷ್ಟು, ಅದರಲ್ಲಿ ಕೈಯಾಡಿಸಬಾರದು ಅಂತ ಅವಳ ನಿಯಮ.

ಎರಡು ವರ್ಷದ ಹಿಂದೆ ಅವನು ಶಿವಮೊಗ್ಗ–ಭದ್ರಾವತಿ ಪ್ರೈವೇಟ್ ಬಸ್ಸಿನ ಕಂಡಕ್ಟರ್. ಬಸ್ ಸ್ಟ್ಯಾಂಡಿನಲ್ಲಿ ಒಮ್ಮೆ ಕೂಗಿದರೆ ಆಚೆ ಹೋಟೆಲಿನಲ್ಲಿ ಕಾಫಿ ಕುಡಿಯುತ್ತಿದ್ದವರು ಲೋಟ ಇಟ್ಟು ಓಡಿ ಬರಬೇಕು, ಅಂಥ ಗಂಟಲು. ಬೆಳಿಗ್ಗೆ ಮಾತ್ರ ಕಾಂತರಾಜ್ ಮಾಸ್ಟರ ಹತ್ತಿರ ಕರಾಟೆ. ಆ ಚಟವೇ ಅವನನ್ನು ಸಿನಿಮಾಕ್ಕೆ ಎಳೆದದ್ದು.

ಶಿವಮೊಗ್ಗದಲ್ಲಿ ವಿಡಿಯೋ ಕ್ಯಾಸೆಟ್ ಅಂಗಡಿ ಇಟ್ಟಿದ್ದ ರುದ್ರೇಶ, ಬಾಡಿಗೆಗೆ ಹೆಚ್ಚು ಹೋಗುವುದು ದೆವ್ವದ ಕ್ಯಾಸೆಟ್ ಮತ್ತು ಫೈಟಿಂಗ್ ಕ್ಯಾಸೆಟ್ ಎಂಬುದನ್ನು ನೋಡಿ ನೋಡಿ, ಎರಡನ್ನೂ ಒಂದೇ ಪಾತ್ರೆಯಲ್ಲಿ ಬೇಯಿಸಿದರೆ ಹೇಗೆ ಅಂತ ಹೊರಟ. ರಕ್ತ ಹೀರುವ ಪಿಶಾಚಿ, ಅದನ್ನು ಕರಾಟೆಯಲ್ಲಿ ಹೊಡೆದು ಕೆಡವುವ ಹೀರೋ. ಹೀರೋ ಕಾಂತರಾಜ್, ಪಿಶಾಚಿ ಪ್ರಕಾಶ. ಮಲವಗೊಪ್ಪದ ಹತ್ತಿರ ಮುಚ್ಚಿದ್ದ ಒಂದು ಅಕ್ಕಿ ಗಿರಣಿಯೇ ಪಿಶಾಚಿಯ ಬಂಗಲೆ. ಮೈಗೆ ಕೊಡೆ ಬಟ್ಟೆಯ ನಿಲುವಂಗಿ, ರಕ್ತಕ್ಕೆ ಅಡಿಕೆ ಬೇಯಿಸಿದ ಕೆಂಪು ನೀರು, ಚೊಗರು. ಕೋರೆಹಲ್ಲಿಗೆ ಮಾತ್ರ ರುದ್ರೇಶ ಜುಗ್ಗತನ ಮಾಡಲಿಲ್ಲ. ಹಲ್ಲು ಕಟ್ಟುವವನ ಹತ್ತಿರ ಅಚ್ಚು ತೆಗೆಸಿ, ಮೇಲ್ಹಲ್ಲಿಗೆ ಸರಿಯಾಗಿ ಕೂರುವಂತೆ ಮಾಡಿಸಿದ.

ಕರಾಟೆ ಪಂದ್ಯಕ್ಕೆ ಇಳಿಯುವವರು ಬಾಯಲ್ಲಿ ರಬ್ಬರಿನ ಗಾರ್ಡ್ ಕಚ್ಚಿಕೊಳ್ಳಬೇಕು. ಕಾಂತರಾಜ್ ಅದಿಲ್ಲದೆ ಯಾರನ್ನೂ ಎದುರು ನಿಲ್ಲಿಸಿದವರಲ್ಲ. ಆದರೆ ಕೋರೆಹಲ್ಲು ಕೂತ ಬಾಯಲ್ಲಿ ಗಾರ್ಡ್ ಹಿಡಿಸುವುದಿಲ್ಲ. ಇದು ಪಂದ್ಯವಲ್ಲ, ಆಕ್ಟಿಂಗ್ ಅಂತ ಗುರುವೂ ಅಂದುಕೊಂಡರು, ಶಿಷ್ಯನೂ ಅಂದುಕೊಂಡ. ಒದೆತ ದವಡೆಯಿಂದ ಗೇಣು ದೂರದಲ್ಲೇ ನಿಲ್ಲುತ್ತಿದ್ದುದನ್ನು ನೋಡಿ ರುದ್ರೇಶ ಸುಳ್ಳು ಕಾಣಿಸುತ್ತೆ, ಸ್ವಲ್ಪ ಮುಟ್ಟಿಸಿ ಎಂದ. ಮಾಸ್ಟರು ಸ್ವಲ್ಪವೇ ಮುಟ್ಟಿಸಿದರು. ಕೆಳದವಡೆ ಮೇಲಕ್ಕೆ ಹಾರಿತು, ನಡುವೆ ಸಿಕ್ಕಿದ ನಾಲಿಗೆಯ ತುದಿ ಜೋತುಬಿತ್ತು. ಆಸ್ಪತ್ರೆಯಲ್ಲಿ ಹೊಲಿಗೆ ಹಾಕಿದರು. ಕೀವಾಯಿತು, ಕೊನೆಗೆ ಆ ತುದಿಯನ್ನೇ ಕತ್ತರಿಸಿದರು.

ಸಿನಿಮಾ ಬಂತು. ಪಿಶಾಚಿಗೆ ಬೆಂಗಳೂರಿನ ಯಾರದೋ ದನಿ. ಆ ಒದೆತ ಮಾತ್ರ ಹಾಗೇ ಇತ್ತು, ಜನ ಶಿಳ್ಳೆ ಹಾಕಿದರು. ಶೀಲಾ ಎದ್ದು ಹೊರಗೆ ಬಂದು ಸೈಕಲ್ ಸ್ಟ್ಯಾಂಡಿನ ಹತ್ತಿರ ವಾಂತಿ ಮಾಡಿಕೊಂಡಳು.

ಕಂಡಕ್ಟರ್ ಕೆಲಸವೂ ಉಳಿಯಲಿಲ್ಲ. ಮುದುಕಿಯೊಬ್ಬಳು ಇಳಿಯುವಾಗ ಅವನು ‘ಹೋಲ್ಡಾನ್’ ಅಂದದ್ದು ಡ್ರೈವರಿಗೆ ‘ರೈಟ್’ ಅಂತ ಕೇಳಿಸಿತು. ಮುದುಕಿಯ ಸೊಂಟ ಮುರಿಯಿತು. ಮಾಲೀಕ ಒಳ್ಳೆಯವನೇ, ಕೆಲಸದಿಂದ ತೆಗೆಯಲಿಲ್ಲ, ಬಸ್ ತೊಳೆಯಲು ಹಾಕಿದ.

ಹೀಗಿರುವಾಗ ರುದ್ರೇಶ ಒಂದು ಡಜನ್ ಬಾಳೆಹಣ್ಣು ಹಿಡಿದು ಮನೆಗೆ ಬಂದ. ಎರಡನೇ ಭಾಗ ತೆಗೆಯುತ್ತಿದ್ದ. ಈ ಸಲ ಪಿಶಾಚಿಗೆ ಬೇರೆ ದನಿ ಬೇಡವಂತೆ.

‘ಅವನ ಮಾತೇ ಸಾಕು ತಂಗಿ. ಅಂಥಾ ದನಿ ಬೆಂಗಳೂರಲ್ಲಿ ಹುಡುಕಿದ್ರೂ ಸಿಗಲ್ಲ.’

ಬಾಳೆಹಣ್ಣು ಅವನ ಮುಖಕ್ಕೇ ಎಸೆಯಬೇಕು ಅನ್ನಿಸಿತು ಶೀಲಾಗೆ. ಆದರೆ ಪ್ರಕಾಶನ ಮುಖ ನೋಡಿ ಸುಮ್ಮನಾದಳು. ಎರಡು ವರ್ಷದಲ್ಲಿ ಅವನು ಹಾಗೆ ನೆಟ್ಟಗೆ ಕೂತದ್ದನ್ನು ಅವಳು ಕಂಡಿರಲಿಲ್ಲ. ಬಸ್ಸಿಗೆ ಬೇಡವಾದ ಗಂಟಲು ಇನ್ನೊಂದು ಕಡೆ ಬೇಕಾಗಿತ್ತು. ಒಪ್ಪಿಕೊಂಡೆ ಅಂತ ಹೇಳು ಎಂದ. ಅವಳು ಹೇಳಿದಳು. ತಾನೂ ಜೊತೆಗೆ ಬರುತ್ತೇನೆ ಎಂಬುದೊಂದನ್ನು ಮಾತ್ರ ಸೇರಿಸಿದಳು.

ಅದೇ ಗಿರಣಿ. ಹಗಲನ್ನು ಇರುಳು ಮಾಡಲು ಕಿಟಕಿಗಳಿಗೆ ಗೋಣಿಚೀಲ ಹೊಡೆದಿದ್ದರು. ಪ್ರಕಾಶನ ಬಾಯಲ್ಲಿ ಮತ್ತೆ ಕೋರೆಹಲ್ಲು, ಬೆರಳುಗಳಿಗೆ ಅಂಟಿಸಿದ ಗೇಣುದ್ದದ ಉಗುರು. ಒಂದು ಲೋಟ ಹಿಡಿಯಲೂ ಆಗದು, ಶೀಲಾಳೇ ನೀರು ಕುಡಿಸಿದಳು. ಕ್ಯಾಮೆರಾ ಮುಂದೆ ಅವನು ಗೊಗ್ಗರು ದನಿಯಲ್ಲಿ ಗರ್ಜಿಸಿದಾಗ ಲೈಟ್ ಹಿಡಿದವನೂ ಒಂದು ಹೆಜ್ಜೆ ಹಿಂದೆ ಸರಿದ. ಪ್ರಕಾಶ ಅವಳ ಕಡೆ ತಿರುಗಿ, ಹೇಗೆ ಎಂಬಂತೆ ಹುಬ್ಬು ಹಾರಿಸಿದ.

ಫೈಟಿಂಗ್ ಶುರುವಾದಾಗ ಕೆಟ್ಟಿತು. ಕಾಂತರಾಜ್ ಎತ್ತಿದ ಕಾಲು ದವಡೆಯಿಂದ ಮೊಳ ದೂರದಲ್ಲೇ ಇಳಿದುಬಿಡುತ್ತಿತ್ತು. ಆ ಘಟನೆಯ ಮೇಲೆ ಮಾಸ್ಟರು ಅರ್ಧ ಆಳಾಗಿದ್ದರು. ನಾಲ್ಕಾರು ಸಲ ತೆಗೆದು ರುದ್ರೇಶ ಬೇಸತ್ತ. ಕೈಯಲ್ಲಾಗದಿದ್ದರೆ ಹೇಳಿ, ಶೂಟಿಂಗ್ ಮಡಚಿಬಿಡ್ತೀನಿ ಎಂದ. ಒಂದೇ ಒಂದು ಸಲ ಮುಟ್ಟಿಸಿದರೆ ಕೆಲಸ ಮುಗಿಯುತ್ತೆ ಎಂದ.

ಕಾಂತರಾಜ್ ಬೆವರು ಒರೆಸಿಕೊಂಡರು. ‘ಪ್ರಕಾಶ ಹೂಂ ಅಂದ್ರೆ ಹೊಡೀತೀನಿ. ಅವನ ಬಾಯಿಂದಲೇ ಬರ್ಬೇಕು.’

ಪ್ರಕಾಶ ಹೇಳಿದ. ನಾಲಿಗೆ ತುದಿಯಿಲ್ಲದ ಬಾಯಲ್ಲಿ ಕೋರೆಹಲ್ಲು ಬೇರೆ. ಯಾರಿಗೂ ಒಂದಕ್ಷರ ತಿಳಿಯಲಿಲ್ಲ. ಎಲ್ಲರೂ ಶೀಲಾಳ ಕಡೆ ತಿರುಗಿದರು.

ಅವಳಿಗೆ ತಿಳಿದಿತ್ತು. ‘ಹೊಡೀರಿ ಮಾಸ್ಟ್ರೇ, ತಡ್ಕೋತೀನಿ. ಈ ಕೆಲಸ ಕಳೀಬೇಡಿ’ ಎಂದಿದ್ದ.

ಅವಳು ಅವನ ದವಡೆ ನೋಡಿದಳು. ಒಳಗೆ ಉಳಿದಿದ್ದ ನಾಲಿಗೆಯ ಚೂರನ್ನು ನೆನೆದಳು.

‘ಆಗಲ್ಲ ಅಂತಿದಾರೆ. ಇನ್ನು ಮಾಡಲ್ಲವಂತೆ,’ ಎಂದಳು.

ಪ್ರಕಾಶ ಅವಳನ್ನೇ ನೋಡಿದ. ತಪ್ಪು ಕೇಳಿಸಿಕೊಂಡಳೇನೋ ಅಂತ ಇನ್ನೊಮ್ಮೆ, ಬಿಡಿಸಿ ಬಿಡಿಸಿ ಹೇಳಿದ. ಹೊ-ಡೀ-ಲಿ.

‘ಮನೆಗೆ ಹೋಗೋಣ ಅಂತಿದಾರೆ,’ ಎಂದಳು ಶೀಲಾ.

ಅವನು ತಲೆ ಕೊಡವಿದ. ಕಾಂತರಾಜರ ಮುಂದೆ ಹೋಗಿ ನಿಂತು, ಉದ್ದುಗುರಿನ ಬೆರಳಿನಿಂದ ತನ್ನ ದವಡೆ ತೋರಿಸಿದ, ಅವರ ಕಾಲು ತೋರಿಸಿದ. ಮತ್ತೆ ದವಡೆ, ಮತ್ತೆ ಕಾಲು. ಇಲ್ಲಿಗೆ ಹೊಡೀರಿ ಅನ್ನುತ್ತಿದ್ದ. ಹೆಂಡತಿಯ ಮಾತು ಕೇಳಿಸಿಕೊಂಡಿದ್ದ ಮಾಸ್ಟರಿಗೆ ಅದು, ಇದನ್ನು ಮಾಡಿದ್ದು ನೀವು, ಅಂದ ಹಾಗೆ ಕಂಡಿತು. ಮಂಡಿಯೂರಿ ಬಗ್ಗಿ ಶಿಷ್ಯನ ಪಾದಕ್ಕೆ ಹಣೆ ಹಚ್ಚಿದರು. ಪ್ರಕಾಶ ಕಾಲು ಎಳೆದುಕೊಂಡ. ಅವರು ಎದ್ದು, ಯಾರನ್ನೂ ನೋಡದೆ, ಬರಿಗಾಲಲ್ಲೇ ಗಿರಣಿಯಿಂದ ಹೊರಗೆ ನಡೆದರು. ಈ ಜನ್ಮದಲ್ಲಿ ಇನ್ನು ಕಾಲೆತ್ತುವುದಿಲ್ಲ ಎಂದು ಬಾಗಿಲಲ್ಲಿ ಹೇಳಿದ್ದು ಎಲ್ಲರಿಗೂ ಕೇಳಿಸಿತು. ರುದ್ರೇಶ ಲೈಟ್ ಆರಿಸಲು ಹೇಳಿದ.

ರಸ್ತೆಗೆ ಬರುವಷ್ಟರಲ್ಲಿ ಪ್ರಕಾಶ ಕೋರೆಹಲ್ಲು ತೆಗೆದು, ಉಗುರುಗಳನ್ನು ಕಿತ್ತಿದ್ದ. ಅಂಟಿನ ಜೊತೆ ಅಲ್ಲಲ್ಲಿ ಚರ್ಮವೂ ಬಂದಿತ್ತು. ಶೀಲಾ ಸೆರಗು ಒದ್ದೆ ಮಾಡಿ ಹಿಡಿದಳು, ಅವನು ಕೈ ಕೊಡಲಿಲ್ಲ.

ಬಸ್ಸಿನಲ್ಲಿ ಕಂಡಕ್ಟರ್ ಹೊಸ ಹುಡುಗ. ಎಲ್ಲಿಗೆ ಎಂದು ಕೇಳಿದ. ಪ್ರಕಾಶ ಹೇಳಿದ. ಹುಡುಗನಿಗೆ ತಿಳಿಯಲಿಲ್ಲ, ಮತ್ತೆ ಕೇಳಿದ. ಪ್ರಕಾಶ ಮತ್ತೆ ಹೇಳಿದ. ಹಿಂದಿನ ಸೀಟಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಹುಡುಗ ಪಕ್ಕದಲ್ಲಿದ್ದ ಹೆಂಗಸಿನ ಕಡೆ ನೋಡಿದ.

ಭದ್ರಾವತಿ, ಎರಡು, ಎಂಬುದು ಶೀಲಾಳ ಬಾಯಿಗೆ ಬಂದಿತ್ತು. ಗಿರಣಿಯಲ್ಲಿ ಅವನ ಮಾತು ತಿರುಚಿದ್ದೂ ಅದೇ ಬಾಯಿ, ಅವಳು ತುಟಿ ಬಿಚ್ಚಲಿಲ್ಲ. ಪ್ರಕಾಶ ಮೂರನೇ ಸಲ ಬಾಯಿ ತೆರೆಯುವುದನ್ನು, ಕಿಟಕಿಯ ಕಂಬಿ ಬಿಗಿಯಾಗಿ ಹಿಡಿದು, ಕೇಳುತ್ತ ಕೂತಳು.