ಅಪ್ಪನ ಹೆಜ್ಜೆಗೊಂದು ಸ್ಲೀಪರ್

ರೈಲಿನ ಮುಖವನ್ನೇ ಕಾಣದ ತಿ. ನರಸೀಪುರದಲ್ಲಿ ಕೂತು ರೈಲುಹಳಿ ಹಾಕುವ ಹುಚ್ಚು ಪವಿತ್ರಳಿಗಲ್ಲದೆ ಇನ್ಯಾರಿಗೆ ಬರಬೇಕು? ಆಫೀಸಿನಿಂದ ಬಂದವಳೇ ಕಂಪ್ಯೂಟರ್ ಮುಂದೆ ಕೂತುಬಿಡುತ್ತಿದ್ದಳು. ಆಟದ ರೈಲಿನ ಹಳಿಗೆ ನಕ್ಷೆ ಬರೆಯುವ ಸಾಫ್ಟ್‌ವೇರ್ ಅದು. ನಂಜನಗೂಡು ಸ್ಟೇಷನ್‌ನಿಂದ ಕಪಿಲಾ ಹೊಳೆಯ ಸೇತುವೆಯವರೆಗಿನ ಹಳೇ ದಾರಿಯನ್ನು ತನ್ನ ಮೇಜಿನ ಮೇಲೆ ಕಟ್ಟಬೇಕೆಂಬುದು ಅವಳ ಹಟ. ಆ ದಾರಿಯಲ್ಲಿ ದಿನಾ ನಡೆದು ಹಳಿ ನೋಡಿಕೊಳ್ಳುವ ಗ್ಯಾಂಗ್‌ಮನ್ ಆಗಿ ಆಯಸ್ಸು ಸವೆಸಿದ ಅಪ್ಪ ಕರಿಯಯ್ಯ ಈಗ ಲಕ್ವ ಹೊಡೆದು, ಮಾತು ಬಿದ್ದುಹೋಗಿ, ಅವಳ ಬೆನ್ನ ಹಿಂದಿನ ಮಂಚದಲ್ಲಿ ಕೊರಡಿನಂತೆ ಮಲಗಿದ್ದರು.

ಸಾಫ್ಟ್‌ವೇರಿಗೇನು ಗೊತ್ತು? ಹಳಿಯಡಿಯ ಸ್ಲೀಪರ್‌ಗಳನ್ನು ಬಾಚಣಿಗೆ ಹಲ್ಲಿನಂತೆ ಒಂದೇ ಅಂತರದಲ್ಲಿ ಜೋಡಿಸಿಬಿಡುತ್ತದೆ. ಅಪ್ಪನ ಕಾಲದ ಹಳಿ ಹಾಗಿರಲಿಲ್ಲ. ಎರಡು ಹಳಿ ಕೂಡುವ ಕಡೆ ಆ ಮರದ ದಿಮ್ಮಿಗಳು ಒತ್ತೊತ್ತಾಗಿರುತ್ತಿದ್ದವು. "ಅಲ್ಲಿ ಎಜ್ಜೆ ತಾನೇ ಗಿಡ್ಡ ಆಯ್ತದೆ ಕಣವ್ವ, ಕಣ್ಮುಚ್ಕಂಡ್ರೂ ಕಾಲ್ಗೆ ಗೊತ್ತಾಯ್ತದೆ" ಎಂದು ಅಪ್ಪ ಮಾತಿದ್ದಾಗ ಹೇಳುತ್ತಿದ್ದರು. ಒಂದು ಭಾನುವಾರ ಮಧ್ಯಾಹ್ನ ಪವಿತ್ರ ಮೌಸ್ ಹಿಡಿದು, ಸ್ಲೀಪರ್‌ಗಳನ್ನು ಒಂದೊಂದೇ ಎಳೆದು ಹಾಗೆ ಹತ್ತಿರ ಮಾಡುತ್ತ ಕೂತಿದ್ದಳು. ಹಿಂದೆ ಮಂಚ ಕಿರುಗುಟ್ಟಿತು.

ತಿರುಗಿ ನೋಡಿದರೆ, ಹೊದಿಕೆಯಡಿ ಅಪ್ಪನ ಕಾಲುಗಳು ನಡೆಯುತ್ತಿದ್ದವು. ಲಕ್ವ ಹೊಡೆದ ಕಾಲೂ ಸೇರಿ. ಉದ್ದ ಹೆಜ್ಜೆ, ಉದ್ದ ಹೆಜ್ಜೆ, ಆಮೇಲೆ ಗಿಡ್ಡ, ಗಿಡ್ಡ, ಮತ್ತೆ ಉದ್ದ. ಪರದೆಯ ಮೇಲೆ ಅವಳು ಈಗಷ್ಟೇ ಜೋಡಿಸಿದ್ದೂ ಅದೇ ಅಳತೆ.

ಅವಳ ಬುದ್ಧಿ ನೋಡಿ, ಪರೀಕ್ಷೆ ಮಾಡದೆ ಇರಲಾಗಲಿಲ್ಲ. ಮುಂದಿನ ಒಂದು ಸ್ಲೀಪರನ್ನು ಅಳಿಸಿದಳು. ಅಪ್ಪನ ಕಾಲು ಗಾಳಿಯಲ್ಲಿ ತಡಕಾಡಿತು, ಎಲ್ಲೂ ಊರಲಿಲ್ಲ. ಮಾತಿಲ್ಲದ ಬಾಯಿಂದ ಬೀಳುವವರ ಕೂಗು ಹೊರಟಿತು. ಪವಿತ್ರ ಅಳುತ್ತಲೇ ಆ ಸ್ಲೀಪರನ್ನು ಮರಳಿ ಇಟ್ಟಳು. ಕಾಲು ಊರಿತು, ಉಸಿರು ಹದಕ್ಕೆ ಬಂತು.

ಅವ್ವನಿಗೆ ಹೇಳಿದರೆ ಮೂಗೂರಮ್ಮನಿಗೆ ಹರಕೆ ಹೊತ್ತು ಊರೆಲ್ಲ ಡಂಗುರ ಹೊಡೆಯುತ್ತಾಳೆಂದು ಅವಳು ಬಾಯಿ ಬಿಡಲಿಲ್ಲ. ದಿನಾ ಒಂದಿಷ್ಟು ದಾರಿ ಹಾಕಿದಳು. ನಡೆದಷ್ಟೂ ಅಪ್ಪನ ಮುಖಕ್ಕೆ ಕಳೆ ಬಂತು, ಗಂಜಿ ಒಳಗಿಳಿಯಿತು. ಅಪ್ಪ ಉಳಿಯುತ್ತಾರೆ ಎಂದು ಅವಳಿಗೆ ಆಸೆ ಹುಟ್ಟಿತು. ಆದರೆ ಸೇತುವೆಯ ಬುಡಕ್ಕೆ ಬಂದು ನಕ್ಷೆ ಮುಗಿಯಿತು. ಮುಂದೆ ಪರದೆ ಬರೀ ಬಿಳಿ. ಅಪ್ಪನ ಕಾಲು ನಿಂತಿತು, ಜೊತೆಗೆ ಉಸಿರೂ ನಿಂತಿತು. ಗಾಬರಿಯಲ್ಲಿ ಅವಳು ಆಟದ ರೈಲು ಕಟ್ಟುವವರೆಲ್ಲ ಮಾಡುವುದನ್ನೇ ಮಾಡಿದಳು. ಹಳಿಯನ್ನು ಬಗ್ಗಿಸಿ ತಂದು ಶುರುವಿಗೇ ಸೇರಿಸಿದಳು. ಅಪ್ಪ ಉಸಿರೆಳೆದುಕೊಂಡು ಸುತ್ತತೊಡಗಿದರು.

ಸುತ್ತುವುದಕ್ಕೆ ಕೊನೆಯೆಲ್ಲಿ? ಹಗಲಿಲ್ಲ, ರಾತ್ರಿಯಿಲ್ಲ, ಮಂಚ ಕಿರುಗುಟ್ಟುತ್ತಲೇ ಇತ್ತು. ಒಂದು ಬೆಳಿಗ್ಗೆ ಅವ್ವ ಪಾಪಮ್ಮ ಒಗೆಯಲೆಂದು ಹೊದಿಕೆ ಎಳೆದವಳು ಹಾಗೇ ಕುಸಿದು ಕೂತಳು. ಅಪ್ಪನ ಅಂಗಾಲು ಬಿರಿದು ರಕ್ತ ಒಸರುತ್ತಿತ್ತು. ಹಾಸಿಗೆ ತುಂಬ ರೈಲುಹಳಿಗೆ ಹಾಸುವ ಜಲ್ಲಿಕಲ್ಲಿನ ಪುಡಿ.

"ಎಲ್ಗೆ ಓಯ್ತಾವ್ರೆ ಮಗ ಇವ್ರು?"

ಪವಿತ್ರ ಎಲ್ಲವನ್ನೂ ಹೇಳಿದಳು. "ಎಲ್ಗೂ ಇಲ್ಲ ಅವ್ವ, ಸುತ್ತು ಬತ್ತಾವ್ರೆ. ಸುತ್ತದೆ ಇದ್ರೆ ಸತ್ತೋಯ್ತಾರೆ."

ಪಾಪಮ್ಮ ಪರದೆ ನೋಡಿದಳು, ಗಂಡನ ಪಾದ ನೋಡಿದಳು. "ಡ್ಯೂಟಿ ಮುಗೀದೆ ಒಂದಿನಾನೂ ಕಾಲು ಚಾಚ್ದೋರಲ್ಲ ನಿಮ್ಮಪ್ಪ. ಗಾಣದೆತ್ತು ಮಾಡ್ಬುಟ್ಯಲ್ಲ ಮಗ ಅವ್ರನ್ನ! ಸೇತ್ವೆ ದಾಟ್ಸು."

"ದಾಟುದ್ರೆ ವಾಪಸ್ ಬರಾಕಿಲ್ಲ ಅವ್ವ."

"ಗೊತ್ತು ಕಣ್ ಮಗ."

ಪವಿತ್ರಳಿಗೆ ಅವ್ವನ ಮೇಲೆ ಸಿಟ್ಟು ಬಂತು, ತನ್ನ ಮೇಲೆ ಅದಕ್ಕಿಂತ ಹೆಚ್ಚು. ಬಿಕ್ಕಿ ಬಿಕ್ಕಿ ಅತ್ತಳು. ಮೂಗು ಒರೆಸಿಕೊಂಡು ಸುತ್ತನ್ನು ಕತ್ತರಿಸಿದಳು. ಬಿಳಿಯ ಮೇಲೆ ಸೇತುವೆಯ ಸ್ಲೀಪರ್‌ಗಳನ್ನು ಒಂದೊಂದಾಗಿ ಇಡತೊಡಗಿದಳು. ಸೇತುವೆಯ ಮೇಲೆ ಜಲ್ಲಿ ಇರುವುದಿಲ್ಲ. ಕಾಲು ತಪ್ಪಿದರೆ ಕೆಳಗೆ ಹೊಳೆಯೇ. ಅಪ್ಪನ ಹೆಜ್ಜೆ ಹಗುರಾಯಿತು. ಬಾಗಿಲು ಹಾಕಿದ ಕೋಣೆಯೊಳಗೆ ತಣ್ಣನೆ ಗಾಳಿ ಬೀಸಿತು, ಕೆಳಗೆಲ್ಲೋ ನೀರು ಹರಿಯುವ ಸದ್ದು ಕೇಳಿಸಿತು.

ಮಂಚದ ಕಿರುಗುಟ್ಟು ನಿಂತಿತು. ಹೆಜ್ಜೆಯ ಸದ್ದು ನಿಲ್ಲಲಿಲ್ಲ. ಮರದ ಮೇಲೆ ಬರಿಗಾಲು ಊರುವ ಆ ಸದ್ದು ಮಂಚ ಬಿಟ್ಟು, ಅವಳ ಹೆಗಲ ಪಕ್ಕದಲ್ಲೇ ಹಾದು, ಪರದೆಯ ಕಡೆಗೆ ಹೋಯಿತು.

ಹಿಂದೆ ಪಾಪಮ್ಮ ಗಂಡನ ಕಣ್ಣು ಮುಚ್ಚಿಸಿ, ಬಾಯಿಗೆ ಸೆರಗು ತುರುಕಿಕೊಂಡು ಅಳುತ್ತಿದ್ದಳು. "ಸಾಕು ಬಾ ಮಗ. ಅಪ್ಪ ಓದ್ರು."

ಪವಿತ್ರ ತಿರುಗಲಿಲ್ಲ. ಮೌಸ್ ಬಿಡದೆ ಒಂದರ ಮುಂದೊಂದು ಸ್ಲೀಪರ್ ಇಡುತ್ತಲೇ ಇದ್ದಳು.

"ಇರವ್ವ," ಎಂದಳು. "ಇನ್ನೂ ಒಳೆ ಮ್ಯಾಲವ್ರೆ."