ಹುಳವಿಲ್ಲದ ಕಾಯಿ

ಎರಡು ವರ್ಷ ನಾನು ಬದನೆಕಾಯಿ ಎಣಿಸುವ ಕೆಲಸ ಮಾಡಿದೆ. ನಗಬೇಡಿ. ಕೃಷಿಯಲ್ಲಿ ಎಂ.ಎಸ್ಸಿ. ಮಾಡಿದವಳಿಗೆ ಇದಕ್ಕಿಂತ ಒಳ್ಳೆಯದು ಸಿಗಲಿಲ್ಲವೇ ಎಂದು ಸಿದ್ಧಾರ್ಥನಗರದ ನಮ್ಮ ನೆಂಟರೆಲ್ಲ ಕೇಳಿ ಮುಗಿಸಿದ್ದಾರೆ. ಬೀಜದ ಕಂಪನಿಯೊಂದು ಕುಲಾಂತರಿ ಬದನೆಯನ್ನು ಪ್ರಯೋಗಕ್ಕೆಂದು ಬೆಳೆಯುತ್ತಿತ್ತು. ಕಾಯಿ ಕೊರೆಯುವ ಹುಳ ತಿಂದ ಕೂಡಲೇ ಸಾಯಬೇಕು, ಹಾಗೆ ಗಿಡದೊಳಕ್ಕೇ ಬೇರೊಂದು ಜೀವಿಯ ವಂಶವಾಹಿ ಸೇರಿಸಿದ ಬದನೆ. ಮೊದಲ ವರ್ಷ ಹುಣಸೂರಿನ ಕಡೆ ಬೆಳೆದರು. ಎರಡನೆಯ ವರ್ಷ, ಅಂದರೆ ೨೦೦೮ರಲ್ಲಿ, ಕಡಕೊಳದ ಹತ್ತಿರವಿದ್ದ ನಮ್ಮದೇ ಒಂದೂವರೆ ಎಕರೆಯನ್ನು ಗುತ್ತಿಗೆಗೆ ತೆಗೆದುಕೊಂಡರು. ಸುತ್ತಮುತ್ತ ಎಲ್ಲ ಫ್ಯಾಕ್ಟರಿಗಳು, ಬದನೆ ಬೆಳೆಯುವವರು ಯಾರೂ ಇಲ್ಲ. ಪರಾಗ ಹಾರಿ ಬೇರೆ ಗಿಡಕ್ಕೆ ಸೇರುವ ಭಯವಿಲ್ಲ. ಅವರಿಗೆ ಬೇಕಾಗಿದ್ದದ್ದು ಅಂಥ ಜಾಗವೇ.

ನಿಯಮ ಒಂದೇ. ಬೇಲಿಯಾಚೆ ಒಂದು ಕಾಯಿಯೂ ಹೋಗಕೂಡದು. ಕಿತ್ತು, ಎಣಿಸಿ, ತೂಗಿ, ಸೀಳಿ ಹುಳ ನೋಡಿ, ರಿಜಿಸ್ಟರಿನಲ್ಲಿ ಬರೆದು, ಹೊಲದ ಮೂಲೆಯ ಗುಂಡಿಗೆ ಹಾಕಿ ಸುಣ್ಣ ಸುರಿದು ಮುಚ್ಚಬೇಕು. ತಿನ್ನಬಹುದು ಎಂದು ಸರ್ಕಾರ ಇನ್ನೂ ಒಪ್ಪಿರಲಿಲ್ಲ. ಒಪ್ಪಲಿ ಬಿಡಲಿ, ಅದರಲ್ಲಿ ಕೆಟ್ಟದ್ದೇನೂ ಇಲ್ಲವೆಂದು ನಾನು ಮಾತ್ರ ಮದುವೆ ಮನೆಯಲ್ಲಿ, ಬಸ್ಸಿನಲ್ಲಿ, ಕೇಳಿದವರಿಗೆ ಕೇಳದವರಿಗೆ ಎಲ್ಲರಿಗೂ ವಾದ ಮಾಡಿ ಹೇಳುತ್ತಿದ್ದೆ. ಅರ್ಧ ಓದಿಕೊಂಡು ಹೆದರಿಸುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತಿತ್ತು.

ಶ್ರಾವಣದ ಒಂದು ಸೋಮವಾರ ಮೀಟಿಂಗಿಗೆಂದು ಬೆಂಗಳೂರಿಗೆ ಹೋಗಿದ್ದೆ. ಮಂಗಳವಾರ ಬೆಳಿಗ್ಗೆ ಮೊದಲ ಕೊಯ್ಲು. ಹೊಲಕ್ಕೆ ಬಂದು ನೋಡಿದರೆ ನಡುವಿನ ಸಾಲುಗಳೆಲ್ಲ ಬೋಳು ಬೋಳು. ತೊಟ್ಟು ಕತ್ತರಿಸಿದ ಜಾಗ ಇನ್ನೂ ಹಸಿಯಾಗಿತ್ತು. ಕಳ್ಳರು ಎಂದುಕೊಂಡು ಸೋಮಮ್ಮನ ಮೇಲೆ ಕೂಗಾಡಿದೆ. ಸೋಮಮ್ಮ ಹೊಲದ ಆಳು. ಕೊಯ್ಲು ಶುರುವಾದರೆ ದಿನವೂ ನನ್ನ ಪಕ್ಕದಲ್ಲಿ ಕುಳಿತು ಕಾಯಿ ಸೀಳಬೇಕಾದವಳು.

"ನನ್ ಮೇಲ್ಯಾಕ್ ಕೂಗ್ತೀರಿ ಮೇಡಮ್ಮೋರೆ? ನೆನ್ನೆ ಅಯ್ಯನೋರೇ ಬಂದು ಕಿತ್ಕೊಂಡ್ ಹೋದ್ರು. ನಾನೇ ಮಂಕ್ರಿ ಎತ್ತಿ ಆಟೋಕೆ ಇಟ್ಟೆ, ಮನೆಗೇನೋ ಅನ್ಕೊಂಡೆ," ಎಂದಳು.

ಅಯ್ಯನವರು ಎಂದರೆ ನಮ್ಮಪ್ಪ, ಚನ್ನಬಸವಯ್ಯ. ಸಂತೇಪೇಟೆಯಲ್ಲಿ ನಲವತ್ತು ವರ್ಷ ಬೆಲ್ಲದ ಮಂಡಿ ಇಟ್ಟು, ಈಗ ನನ್ನ ಜೊತೆ ಇದ್ದಾರೆ. ಪಂಪ್‌ಸೆಟ್ ಹಾಕಲೆಂದು ಬೇಲಿ ಗೇಟಿನ ಒಂದು ಬೀಗದ ಕೈಯನ್ನು ನಾನೇ ಅವರಿಗೆ ಕೊಟ್ಟಿದ್ದೆ. ಮನೆಗೆ ಓಡಿ ಬಂದೆ. ಅವರು ಪೂಜೆ ಮುಗಿಸಿ, ಹಣೆಯ ವಿಭೂತಿ ಆರುವ ಮೊದಲೇ ಪೇಪರ್ ಹಿಡಿದು ಕೂತಿದ್ದರು.

"ಮಠಕ್ಕೆ ಕೊಟ್ಬಂದೆ ಕಣವ್ವ," ಎಂದರು, ಹಾಲು ತಂದೆ ಅನ್ನುವಷ್ಟೇ ಸಹಜವಾಗಿ. "ಶ್ರಾವಣದ ಸೋಮವಾರ. ನಮ್ಮ ಭೂಮೀಲಿ ಬೆಳೆದಿದ್ದು ಮೊದಲನೇ ಕೊಯ್ಲು ದಾಸೋಹಕ್ಕೆ ಹೋಗ್ದೇ ಇದ್ದದ್ದು ಯಾವತ್ತು?"

"ಅಪ್ಪಾಜಿ, ಅದು ಆಚೆ ಹೋಗಂಗಿಲ್ಲ ಅಂತ ಹೇಳಿರ್ಲಿಲ್ವಾ?"

"ಮಾರೋಕೆ ಹೋಗಂಗಿಲ್ಲ ಅಂತ ತಿಳ್ಕೊಂಡೆ. ನಾನೇನ್ ಮಾರಿದ್ನಾ? ಮದುವೆ ಮನೇಲಿ ನೀನೇ ಹೇಳ್ತಿದ್ದೆ, ಔಷಧಿ ಹೊಡ್ದಿರೋ ಬದನೆಕಾಯಿಗಿಂತ ಇದೇ ಒಳ್ಳೇದು ಅಂತ. ಶಿವಾರ್ಪಣಕ್ಕೆ ಅಂತ, ಒಂದು ತೂತಿಲ್ಲದ್ದೇ ನೋಡಿ ನೋಡಿ ಕಿತ್ತೆ."

ಹೋಲಿಸಿ ನೋಡಲೆಂದು ಆ ಹೊಲದಲ್ಲಿ ಅರ್ಧ ಸಾಲುಗಳಿಗೆ ಮಾಮೂಲಿ ಬದನೆಯನ್ನೇ ಹಾಕಿದ್ದೆವು. ಕಣ್ಣುಮುಚ್ಚಿ ಕಿತ್ತಿದ್ದರೆ ಅರ್ಧವಾದರೂ ಅದು ಬರುತ್ತಿತ್ತು. ಆದರೆ ದೇವರಿಗೆ ಕೊಡುವವರು ಹುಳುಕು ಕೊಡುತ್ತಾರೆಯೇ? ಹುಳವಿಲ್ಲದ್ದನ್ನೇ ಆರಿಸಿ ಆರಿಸಿ, ಅಪ್ಪಾಜಿ ನಮ್ಮ ಕೊಯ್ಲಿನ ಒಂದು ಮಂಕರಿ ಬುಟ್ಟಿ ತುಂಬ, ಅಂದರೆ ಇಪ್ಪತ್ತೆರಡು ಕೆ.ಜಿ. ಕುಲಾಂತರಿ ಬದನೆಯನ್ನೇ ಮಠಕ್ಕೆ ಒಯ್ದಿದ್ದರು.

"ಯಾಕವ್ವ, ಅದೇನು ವಿಷವಾ?"

"ಅಲ್ಲ."

"ಮತ್ಯಾಕೆ ಇಂಗ್ ನಡುಗ್ತಿದ್ದೀಯ?"

ಮಠಕ್ಕೆ ಹೋದೆ. ನಂಜನಗೂಡು ರಸ್ತೆಯಲ್ಲಿ ಒಳಕ್ಕಿರುವ ಸಣ್ಣ ಮಠ. ಅಲ್ಲಿನ ಉಚಿತ ಹಾಸ್ಟೆಲಿನಲ್ಲಿ ಇನ್ನೂರ ನಲವತ್ತು ಮಕ್ಕಳು ಓದುತ್ತಾರೆ. ಅಡುಗೆಯ ಮೂಗಯ್ಯ ನನ್ನನ್ನು ಕಂಡವನೇ ಕೈಮುಗಿದ. "ಮೂವತ್ತು ವರ್ಷದಿಂದ ಬದನೆಕಾಯಿ ಹೆಚ್ತಿದ್ದೀನಿ ಅವ್ವಾವ್ರೆ, ಇಂಥದ್ದು ಕಂಡಿಲ್ಲ. ಒಂದ್ರಲ್ಲೂ ಹುಳ ಇಲ್ಲ! ನೆನ್ನೆ ಎಣ್ಣೆಗಾಯಿ ಮಾಡ್ಬುಟ್ಟೆ. ಪೀಠದ ಮೇಲಿರೋ ಬುದ್ಧಿಯೋರೂ ಎರಡನೇ ಸಲ ಹಾಕಿಸ್ಕೊಂಡ್ರು. ಮಕ್ಕಳಂತೂ ಪಾತ್ರೆ ಬಳ್ದಾಕ್ಬುಟ್ವು."

ಎಲ್ಲ ಮುಗಿದಿತ್ತು. ಹೊಲಕ್ಕೆ ವಾಪಸ್ ಬಂದು ರಿಜಿಸ್ಟರ್ ತೆಗೆದೆ. 'ಇಪ್ಪತ್ತೆರಡು ಕೆ.ಜಿ., ಹುಳ ಹೊಡೆದು ಕೊಳೆತದ್ದು, ಗುಂಡಿಗೆ ಹಾಕಿದೆ' ಎಂದು ಬರೆದು ಸಹಿ ಮಾಡಿದೆ. ಅಕ್ಷರ ಎಂದಿಗಿಂತ ದುಂಡಗೆ ಬಂದಿತ್ತು. ಯಾರಿಗೂ ಹೇಳಬೇಡಿ ಎಂದು ಅಪ್ಪಾಜಿಯನ್ನು ಕೇಳಿಕೊಂಡೆ. "ಕೊಟ್ಟಿದ್ದನ್ನ ಹೇಳ್ಕೊಂಡು ತಿರುಗೋ ಅಭ್ಯಾಸ ನನಗಿಲ್ಲ," ಎಂದರು.

ಅಲ್ಲಿಂದ ಹದಿಮೂರು ದಿನ ನಾನು ಹೇಗಿದ್ದೆನೋ ನನಗೇ ತಿಳಿಯದು. ಹೇಳಿಬಿಟ್ಟರೆ ನನ್ನ ಕೆಲಸ ಹೋಗುತ್ತಿತ್ತು, ಹೋಗಲಿ. ಆದರೆ ಅಪ್ಪಾಜಿಯ ಮೇಲೆ ಕೇಸಾಗುತ್ತಿತ್ತು. ಮೂರು ತಲೆಮಾರಿನಿಂದ ದಾಸೋಹಕ್ಕೆ ಕೊಟ್ಟ ಮನೆ ಮಕ್ಕಳಿಗೆ ಏನೋ ತಿನ್ನಿಸಿತು ಎಂಬ ಮಾತು ಬರುತ್ತಿತ್ತು. ಹೇಳದಿದ್ದರೆ? ಯಾವ ಮಗುವಿಗಾದರೂ ಏನಾದರೂ ಆದರೆ, ಯಾಕೆಂದು ಡಾಕ್ಟರಿಗೂ ತಿಳಿಯುವುದಿಲ್ಲ. ತಿಳಿದಿರುವುದು ನನಗೊಬ್ಬಳಿಗೆ.

ಬೆಳಿಗ್ಗೆ ಏಳಕ್ಕೆಲ್ಲ ಬಸ್ಸು ಹಿಡಿದು ಮಠಕ್ಕೆ ಹೋಗುವುದು, ಪೂಜೆಗೆ ಬಂದವಳಂತೆ ತೆಂಗಿನಕಾಯಿ ಒಡೆಸುವುದು, ಹಾಸ್ಟೆಲಿನ ಜಗುಲಿಯ ಮೇಲೆ ಕಣ್ಣಾಡಿಸುವುದು. ಯಾರು ಮಲಗಿದ್ದಾರೆ? ಯಾರು ಮೈ ಕೆರೆದುಕೊಳ್ಳುತ್ತಿದ್ದಾರೆ? "ಎಲ್ಲ ಚೆನ್ನಾಗಿದ್ದಾರಾ ಮೂಗಯ್ಯ?" ಎಂದು ದಿನಾ ಕೇಳಿ ಕೇಳಿ, ಅವನಿಗೆ ನನ್ನ ಮೇಲೇ ಅನುಮಾನ ಬಂದಿರಬೇಕು. ಆರನೆಯ ದಿನ ಇಬ್ಬರಿಗೆ ಭೇದಿ. ಎಂಟನೆಯ ದಿನ ಐವರಿಗೆ ಜ್ವರ. ಆ ತಿಂಗಳು ಊರಿಗೆಲ್ಲ ಜ್ವರವಿತ್ತು, ನಮ್ಮ ಎದುರು ಮನೆಯಲ್ಲೂ ಇತ್ತು. ಅದು ಗೊತ್ತಿದ್ದೂ ಆ ಐವರ ಹೆಸರನ್ನೂ ಕೇಳಿ ಬರೆದುಕೊಂಡೆ.

ಎರಡು ವರ್ಷ ಓದಿದ ವರದಿಗಳನ್ನೆಲ್ಲ ಮತ್ತೆ ಓದಿದೆ. ಇಲಿಗೆ ತಿನ್ನಿಸಿದರು, ಮೇಕೆಗೆ ತಿನ್ನಿಸಿದರು, ಏನೂ ಆಗಲಿಲ್ಲ. ಇಷ್ಟು ದಿನ ಆ ಸಾಲುಗಳು ನನಗೆ ಧೈರ್ಯ ಕೊಟ್ಟಿದ್ದವು. ಈಗ ಅವೇ ಸಾಲುಗಳಲ್ಲಿ ಮಕ್ಕಳು ಎಂಬ ಪದ ಹುಡುಕುತ್ತಿದ್ದೆ. ಒಂದು ದಿನ, ನಾನೇ ತಿಂದು ನೋಡಿದರಾಯಿತು ಎಂದು ಹೊಲದಲ್ಲಿ ಒಂದು ಎಳೆಗಾಯಿ ಕಿತ್ತು ಬಾಯಿಯವರೆಗೂ ತಂದೆ. ಕಚ್ಚಲು ಆಗಲಿಲ್ಲ. ಊರಿಗೆಲ್ಲ ಬುದ್ಧಿ ಹೇಳಿದವಳ ಧೈರ್ಯ ಇಷ್ಟೇ ಎಂದು ನನ್ನ ಮೇಲೇ ಹೇಸಿಗೆಯಾಯಿತು.

ಒಂಬತ್ತನೆಯ ದಿನ ಸೋಮಮ್ಮ ಕಾಯಿ ಸೀಳುತ್ತ, "ನಮ್ ದೊಡ್ಡ ಮಗೀಗೆ ಜ್ವರವಂತೆ ಮೇಡಮ್ಮೋರೆ, ಮಠದಿಂದ ಫೋನ್ ಮಾಡಿಸಿದ್ರು," ಎಂದಳು. ಅವಳ ಇಬ್ಬರು ಮಕ್ಕಳೂ ಆ ಹಾಸ್ಟೆಲಿನಲ್ಲೇ ಇದ್ದರು. ಹೇಳಿಬಿಡಬೇಕು ಎಂದು ಬಾಯಿ ತೆರೆದೆ. "ಡಾಕ್ಟರ ಹತ್ರ ಕರ್ಕೊಂಡ್ ಹೋಗು, ರಜಾ ಕೊಡ್ತೀನಿ," ಎಂದಷ್ಟೇ ಹೇಳಿದೆ. ಮೂರು ದಿನಕ್ಕೆ ಜ್ವರ ಬಿಟ್ಟಿತು. ನನಗೆ ಮಾತ್ರ ಬಿಡಲಿಲ್ಲ.

ಹದಿಮೂರನೆಯ ದಿನ ಭಾನುವಾರ. ಸರಸ್ವತೀಪುರಂನ ಒಂದು ಸಭಾಂಗಣದಲ್ಲಿ ಸಾರ್ವಜನಿಕ ಚರ್ಚೆ ಇಟ್ಟಿದ್ದರು. ಬೆಳಿಗ್ಗೆ ಅಣುಸ್ಥಾವರದ ಸುರಕ್ಷತೆ, ಮಧ್ಯಾಹ್ನ ಕುಲಾಂತರಿ ಬದನೆ. ನಮ್ಮ ಕಂಪನಿಯ ಅಧಿಕಾರಿ ಅನಂತಪದ್ಮನಾಭ ಅವರು ಹಿಂದಿನ ದಿನವೇ ಹೇಳಿದ್ದರು: "ನಾನು ಎಷ್ಟು ಹೇಳಿದ್ರೂ ಕಂಪನಿಯವನು ಅಂತಾರೆ ಕಣ್ರೀ. ನೀವು ಇದೇ ಊರಿನ ಹೆಣ್ಣುಮಗಳು. ರಿಜಿಸ್ಟರ್ ಹಿಡ್ಕೊಂಡು ಪಕ್ಕದಲ್ಲಿ ಕೂತಿರಿ, ಸಾಕು." ಕುರ್ಚಿ ತುಂಬಲಿ ಎಂದು ಹೊಲದ ಆಳುಗಳನ್ನೂ ವ್ಯಾನಿನಲ್ಲಿ ಕರೆಸಿದ್ದರು. ಮಗಳು ವೇದಿಕೆ ಹತ್ತುತ್ತಾಳೆ ಎಂದು ಅಪ್ಪಾಜಿ ಬಿಳಿ ಪಂಚೆ ಉಟ್ಟು, ಬೇಡವೆಂದರೂ ಬಂದು ಮೂರನೆಯ ಸಾಲಿನಲ್ಲಿ ಕೂತರು.

ಬೆಳಗಿನ ಗೋಷ್ಠಿಯ ಎಂಜಿನಿಯರು ಸಿಮೆಂಟು ಗೋಡೆಯ ದಪ್ಪ ಹೇಳಿ, ಒಂದರ ಹಿಂದೆ ಒಂದು ಕಾವಲಿದೆ, ಏನೂ ಆಗುವುದಿಲ್ಲ ಎಂದರು. ಹಿಂದಿನ ತಿಂಗಳಾಗಿದ್ದರೆ ನಾನೂ ಚಪ್ಪಾಳೆ ತಟ್ಟುತ್ತಿದ್ದೆ. ಈಗ, ಆ ಕಾವಲಿನ ಬೀಗದ ಕೈ ಯಾರ ಹತ್ತಿರ ಇದೆಯೋ ಎಂದು ಯೋಚಿಸುತ್ತಿದ್ದೆ.

ಮಧ್ಯಾಹ್ನ ನಮ್ಮ ಸರದಿ. ಎದುರು ಪಕ್ಷದಲ್ಲಿ ವಾಗೀಶ ಎಂಬ ಹೈಸ್ಕೂಲಿನ ವಿಜ್ಞಾನದ ಮೇಷ್ಟ್ರು. ಕೂಗಾಡುವ ಮನುಷ್ಯನಲ್ಲ, ಅದೇ ಕಷ್ಟವಾಯಿತು.

"ಮೇಡಂ, ನಾನು ದೊಡ್ಡ ಪ್ರಶ್ನೆ ಕೇಳೋದಿಲ್ಲ," ಎಂದರು. "ನಿಮ್ಮ ಬೇಲಿಯಿಂದ ಒಂದು ಕಾಯಾದರೂ ಆಚೆ ಹೋಗಿದೆಯಾ?"

ಅನಂತಪದ್ಮನಾಭ ನಗುನಗುತ್ತಲೇ ಮೈಕನ್ನು ನನ್ನ ಕಡೆ ಸರಿಸಿದರು. ಮೂರನೆಯ ಸಾಲಿನತ್ತ ನೋಡಬಾರದು ಎಂದುಕೊಂಡೆ. ರಿಜಿಸ್ಟರ್ ತೆರೆದೆ.

"ಇಲ್ಲ," ಎಂದೆ. "ಒಂದೂ ಹೋಗಿಲ್ಲ. ಎಲ್ಲದಕ್ಕೂ ಇಲ್ಲಿ ಲೆಕ್ಕ ಇದೆ."

ಚಪ್ಪಾಳೆ ಬಿತ್ತು. ಚಪ್ಪಾಳೆ ನಿಂತ ಮೇಲೆ ಕುರ್ಚಿ ಸರಿದ ಸದ್ದು. ಅಪ್ಪಾಜಿ ಎದ್ದು ನಿಂತಿದ್ದರು. ದೊಡ್ಡವರ ಮುಂದೆ ನಿಂತು ಮಾತಾಡುವಾಗಿನ ಅಭ್ಯಾಸದಂತೆ ಶಲ್ಯವನ್ನು ಹೆಗಲಿನಿಂದ ತೆಗೆದು ಕೈಯಲ್ಲಿ ಹಿಡಿದಿದ್ದರು.

"ಸ್ವಾಮಿ, ಕ್ಷಮಿಸಬೇಕು. ಕಾಯಿ ಆಚೆ ಹೋಗಿದೆ. ಒಂದು ಮಂಕ್ರಿ ತುಂಬ ನಾನೇ ಮಠದ ದಾಸೋಹಕ್ಕೆ ಕೊಟ್ಟಿದ್ದೀನಿ. ಭೂಮಿ ನನ್ನದು, ಬೀಗದ ಕೈಯೂ ನನ್ನತ್ರ ಇತ್ತು. ನನ್ನ ಮಗಳು ಅವತ್ತು ಊರಲ್ಲಿರಲಿಲ್ಲ. ಅವಳಿಗೆ ಈ ವಿಷಯ ಗೊತ್ತೇ ಇಲ್ಲ. ತಪ್ಪು ನನ್ನೊಬ್ಬನದೇ."

ಕೊನೆಯ ಮಾತುಗಳನ್ನು ಹೇಳುವಾಗ ಅವರ ದನಿ ಒಡೆಯಿತು. ಬೆಲ್ಲದ ಮಂಡಿಯಲ್ಲಿ ಕೂತು ತೂಕದಲ್ಲೂ ಮಾತಿನಲ್ಲೂ ಸುಳ್ಳಾಡದ ಮನುಷ್ಯ, ಅರವತ್ತೊಂಬತ್ತನೆಯ ವಯಸ್ಸಿನಲ್ಲಿ, ಮುನ್ನೂರು ಜನರ ಎದುರು ನನಗಾಗಿ ಸುಳ್ಳು ಹೇಳಿದರು. ಅದನ್ನು ಹೇಳುವುದೂ ಅವರಿಗೆ ಸರಿಯಾಗಿ ಬರಲಿಲ್ಲ.

ಹಿಂದಿನಿಂದ ಯಾರೋ "ಕಳ್ಳ ಮುದುಕ!" ಎಂದರು. ಇನ್ಯಾರೋ "ಮಕ್ಕಳಿಗೆ ವಿಷ ಹಾಕಿದ್ದಾನೆ" ಎಂದು ಕೂಗಿದರು. ಅನಂತಪದ್ಮನಾಭ ನನ್ನ ಕಿವಿಯಲ್ಲಿ, "ಸುಮ್ನಿರಿ, ಮನುಷ್ಯನಿಗೆ ವಯಸ್ಸಾಗಿದೆ ಅಂತ ನಾನು ಹೇಳ್ತೀನಿ," ಎನ್ನುತ್ತಿದ್ದರು. ಅಪ್ಪಾಜಿ ತಲೆ ತಗ್ಗಿಸಿ ನಿಂತೇ ಇದ್ದರು. ನನಗೆ ತಡೆಯಲಾಗಲಿಲ್ಲ.

"ನನಗೆ ಗೊತ್ತಿತ್ತು," ಎಂದೆ ಮೈಕಿನಲ್ಲಿ. "ಮಾರನೇ ದಿನಾನೇ ಗೊತ್ತಾಯ್ತು. ಈ ರಿಜಿಸ್ಟರಿನಲ್ಲಿ ಸುಳ್ಳು ಬರೆದವಳು ನಾನು. ಅವರದು ತಪ್ಪಿಲ್ಲ. ಏನೂ ಆಗಲ್ಲ ಅಂತ ಅವರಿಗೆ ಹೇಳಿದ್ದೇ ನಾನು."

ಆಮೇಲೆ ಯಾರು ಏನು ಹೇಳಿದರೋ ಕೇಳಿಸಲಿಲ್ಲ. ಪೇಪರಿನವರು ಕ್ಯಾಮೆರಾ ಹಿಡಿದು ಮುಂದೆ ಬಂದರು. ಎರಡೂ ಪಕ್ಷದವರು ಒಬ್ಬರತ್ತ ಒಬ್ಬರು ಕೈ ತೋರಿಸಿ ಕೂಗುತ್ತಿದ್ದರು. ಆ ಗದ್ದಲದ ನಡುವೆ, ಕಂಪನಿಯವರು ವ್ಯಾನಿನಲ್ಲಿ ತಂದು ಕೂರಿಸಿದ್ದ ಆಳುಗಳ ಸಾಲಿನಿಂದ ಸೋಮಮ್ಮ ಎದ್ದು, ಜನರನ್ನು ಸರಿಸಿಕೊಂಡು ನೇರವಾಗಿ ವೇದಿಕೆಯ ಹತ್ತಿರ ಬಂದಳು. ಅವಳ ಮುಖ ನೋಡಿ ಮುಂದಿನ ಸಾಲಿನವರು ಸುಮ್ಮನಾದರು. ಹಾಗೇ ಹಿಂದಿನವರೂ ಸುಮ್ಮನಾದರು.

"ಮೇಡಮ್ಮೋರೆ, ನನ್ ಮಕ್ಳು ಇಬ್ರೂ ಅವತ್ತು ಅಲ್ಲೇ ಉಂಡವ್ರೆ. ಏನಾರ ಆಯ್ತದಾ?"

ಅನಂತಪದ್ಮನಾಭ ಮೈಕಿಗೆ ಕೈ ಚಾಚಿದರು. ಅತ್ತ ವಾಗೀಶರೂ ಏನೋ ಹೇಳಲು ಎದ್ದರು. ಸೋಮಮ್ಮ ಅವರಿಬ್ಬರ ಕಡೆ ತಿರುಗಿಯೂ ನೋಡಲಿಲ್ಲ.

"ಗೊತ್ತಿಲ್ಲ ಸೋಮಮ್ಮ," ಎಂದೆ. "ಆಗಲ್ಲ ಅಂತ ಅನ್ಕೊಂಡಿದ್ದೀನಿ. ಆದ್ರೆ ಗೊತ್ತಿಲ್ಲ. ನಾಳೆ ಎಲ್ಲ ಮಕ್ಕಳನ್ನೂ ಡಾಕ್ಟರಿಗೆ ತೋರಿಸೋಣ."

ಅವಳು ಅಳಲಿಲ್ಲ, ಬೈಯಲೂ ಇಲ್ಲ.

"ಇಷ್ಟ್ ದಿನ ದಿನಾ ನನ್ ಪಕ್ಕದಲ್ಲೇ ಕುಂತಿದ್ರಿ," ಎಂದಳು. "ಮಗೀಗೆ ಜ್ವರ ಅಂದಾಗ್ಲೂ ಇದ್ರಿ. ನನಗೊಂದ್ ಮಾತ್ ಹೇಳ್ಬೇಕು ಅನ್ನಿಸ್ಲಿಲ್ವಾ?"

ಇದಕ್ಕೆ ಗೊತ್ತಿಲ್ಲ ಎನ್ನುವಂತಿರಲಿಲ್ಲ. ಅನ್ನಿಸಿತ್ತು. ದಿನಾ ಅನ್ನಿಸಿತ್ತು.